ಕರುಳಿನ ಕಾಣದ ಬಳಗ ಮತ್ತು ನಮ್ಮ ರೊಟ್ಟಿಯ ಬುಟ್ಟಿ

ನವಲಗುಂದ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಸುಗ್ಗಿ ಮುಗಿಯಿತೆಂದರೆ ಕಾಳು ಹಿಂದೆ ಹಗೇವಿಗೆ, ಈಗ ಚೀಲಕ್ಕೆ ಸೇರುತ್ತದೆ. ಕಣಕಿ ಬಣವೆಗೆ ಹೋಗುತ್ತದೆ. ಒಂದೇ ಸಸ್ಯದ ಕಾಳು ಮನುಷ್ಯನಿಗೆ, ದಂಟು ಎತ್ತಿಗೆ. ನಾವು ತಿಂದರೆ ಒಂದು ತುತ್ತೂ ಅರಗದ ಆ ಒಣ ಕಣಕಿಯನ್ನು ತಿಂದು ಎತ್ತು ದಿನವಿಡೀ ನೇಗಿಲು ಎಳೆಯುತ್ತದೆ. ಆದರೆ ಕಣಕಿಯ ನಾರನ್ನು ಒಡೆಯುವ ಶಕ್ತಿ ಎತ್ತಿನ ಸ್ವಂತದ್ದಲ್ಲ. ಅದರ ಹೊಟ್ಟೆಯ ಮೊದಲ ದೊಡ್ಡ ಕೋಣೆಯಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಆ ಕೆಲಸವನ್ನು ಮಾಡಿಕೊಡುತ್ತವೆ. ಎತ್ತು ಮೇವು ಒದಗಿಸುತ್ತದೆ, ಅವು ಅದನ್ನು ಶಕ್ತಿಯಾಗಿ ಮಾರ್ಪಡಿಸಿ ಹಿಂದಿರುಗಿಸುತ್ತವೆ.

ಮನುಷ್ಯನ ದೇಹದಲ್ಲಿಯೂ ಇಂತಹದೇ ಒಂದು ವ್ಯವಸ್ಥೆ ಇದೆ. ವ್ಯತ್ಯಾಸವಿರುವುದು ಸ್ಥಳದಲ್ಲಿ. ಎತ್ತಿಗೆ ಅದು ಜೀರ್ಣಾಂಗದ ಆರಂಭದಲ್ಲಿದ್ದರೆ ನಮಗೆ ಕೊನೆಯಲ್ಲಿ, ಅಂದರೆ ದೊಡ್ಡ ಕರುಳಿನಲ್ಲಿ ಇದೆ. ಈ ಸ್ಥಳಭೇದದ ಮಾತು ಮುಂದೆ ಇನ್ನೊಮ್ಮೆ ಬೇಕಾಗುವುದರಿಂದ ಓದುಗ ಬಂಧುಗಳು ಅದನ್ನು ನೆನಪಿನಲ್ಲಿಡಬೇಕು. ಇಸ್ರೇಲಿನ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಂತೆ ಎಪ್ಪತ್ತು ಕಿಲೋ ತೂಕದ ಒಬ್ಬ ಮನುಷ್ಯನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಎಲ್ಲವನ್ನೂ ಕೂಡಿಸಿ ತೂಗಿದರೆ ಸುಮಾರು 200 ಗ್ರಾಂ ಮಾತ್ರ. ದೇಹದ ಜೀವಕೋಶಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ನಮ್ಮೊಳಗೆ ನಾವೆಷ್ಟೋ ಅವೂ ಅಷ್ಟೇ ಎಂದು ಹೇಳಬಹುದು. ಅವುಗಳಲ್ಲಿ ಬಹುಪಾಲು ದೊಡ್ಡ ಕರುಳಿನ ನಿವಾಸಿಗಳು.

ರೊಟ್ಟಿಯಲ್ಲಿರುವ ಪಿಷ್ಟ, ಬೇಳೆಯಲ್ಲಿರುವ ಸಸಾರಜನಕ, ಚಟ್ನಿಯ ಮೇಲಿನ ಎಣ್ಣೆ ಇವು ಬಹುತೇಕ ಸಣ್ಣ ಕರುಳಿನಲ್ಲಿಯೇ ಜೀರ್ಣವಾಗಿ ರಕ್ತಕ್ಕೆ ಸೇರುತ್ತವೆ. ಉಳಿಯುವುದು ನಾರು. ನಾರನ್ನು ಒಡೆಯುವ ರಸ ನಮ್ಮ ದೇಹದಲ್ಲಿ ಇಲ್ಲವೆಂಬ ಕಾರಣಕ್ಕೆ ಬಹುಕಾಲ ಅದನ್ನು ಕಸವೆಂದೇ ತಿಳಿಯಲಾಗಿತ್ತು. ಆದರೆ ಈ ಕಸವೇ ಕರುಳಿನ ಸೂಕ್ಷ್ಮಜೀವಿಗಳ ಊಟ. ಗೋಬರ್ ಗ್ಯಾಸ್ ಗುಂಡಿಯಲ್ಲಿ ಗಾಳಿಯ ಸಂಪರ್ಕವಿಲ್ಲದೆ ಸೆಗಣಿ ಹುದುಗುವಂತೆ ದೊಡ್ಡ ಕರುಳಿನ ಕತ್ತಲೆಯಲ್ಲಿ ನಾರು ಹುದುಗುತ್ತದೆ. ಆಗ ಅನಿಲದ ಜೊತೆಗೆ ಮೂರು ಬಗೆಯ ಸಣ್ಣ ಕೊಬ್ಬಿನಾಮ್ಲಗಳು ಹುಟ್ಟುತ್ತವೆ: ಅಸಿಟೇಟ್, ಪ್ರೊಪಿಯೊನೇಟ್ ಮತ್ತು ಬ್ಯುಟಿರೇಟ್. ಮೂರನೆಯದು ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ. ದೇಹದ ಉಳಿದ ಅಂಗಗಳು ರಕ್ತದಲ್ಲಿ ಬರುವ ಪೋಷಕಾಂಶಗಳನ್ನು ಅವಲಂಬಿಸಿದರೆ ಈ ಪದರವು ಬಹುಮಟ್ಟಿಗೆ ಬ್ಯಾಕ್ಟೀರಿಯಾಗಳು ಅಟ್ಟ ಅಡುಗೆಯನ್ನು ಉಂಡು ಬದುಕುತ್ತದೆ. ಕರುಳಿನ ಉರಿಯೂತವನ್ನು ತಣಿಸುವುದರಲ್ಲಿಯೂ ಗೋಡೆಯನ್ನು ಬಿಗಿಯಾಗಿರಿಸುವುದರಲ್ಲಿಯೂ ಬ್ಯುಟಿರೇಟಿನ ಪಾತ್ರ ದೊಡ್ಡದು.

ನಾರು ಬಾರದಿದ್ದರೆ ಈ ಬಳಗ ಉಪವಾಸ ಕೂಡುವುದಿಲ್ಲ. ಕರುಳಿನ ಗೋಡೆಯನ್ನು ಕಾಯಲು ದೇಹವು ಅದರ ಮೇಲೆ ಲೋಳೆಯ ಒಂದು ಪದರವನ್ನು ಸವರಿರುತ್ತದೆ. ನಾರಿಲ್ಲದ ಆಹಾರ ಕೊಟ್ಟ ಇಲಿಗಳಲ್ಲಿ ಬ್ಯಾಕ್ಟೀರಿಯಾಗಳು ಆ ಲೋಳೆಯನ್ನೇ ತಿನ್ನತೊಡಗಿ ಪದರ ತೆಳುವಾದದ್ದನ್ನು, ರೋಗಾಣುಗಳಿಗೆ ದಾರಿ ಸುಲಭವಾದದ್ದನ್ನು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಮೇವು ತೀರಿದ ದನ ಬೇಲಿಯನ್ನು ಮೇಯುವ ಹಾಗೆ.

ಇನ್ನು ಮಾಂಸದ ವಿಷಯ. ಮಾಂಸದಲ್ಲಿ ನಾರು ಇಲ್ಲ. ಅದರ ಸಸಾರಜನಕ ಬಹುತೇಕ ಸಣ್ಣ ಕರುಳಿನಲ್ಲಿ ಜೀರ್ಣವಾದರೂ ಹೆಚ್ಚು ತಿಂದಾಗ ಒಂದು ಪಾಲು ದೊಡ್ಡ ಕರುಳನ್ನು ತಲುಪುತ್ತದೆ. ಅಲ್ಲಿ ಅದು ಹುದುಗುವ ಬದಲು ಕೊಳೆಯುತ್ತದೆ ಎನ್ನುವುದೇ ಸರಿಯಾದ ಮಾತು. ಅಮೋನಿಯ, ಗಂಧಕದ ಅನಿಲಗಳು ಹುಟ್ಟುತ್ತವೆ. ಮಾಂಸದೊಂದಿಗೆ ಬರುವ ಕೊಬ್ಬನ್ನು ಕರಗಿಸಲು ಯಕೃತ್ತು ಹೆಚ್ಚು ಪಿತ್ತರಸವನ್ನು ಸುರಿಸುತ್ತದೆ. ಪಿತ್ತವನ್ನು ತಾಳಿಕೊಳ್ಳಬಲ್ಲ ಬ್ಯಾಕ್ಟೀರಿಯಾಗಳು ಆಗ ಹೆಚ್ಚುತ್ತವೆ. ಕೆಲವು ಜಾತಿಗಳು ಪಿತ್ತಾಮ್ಲವನ್ನು ಬೇರೊಂದು ರೂಪಕ್ಕೆ ತಿರುಗಿಸುತ್ತವೆ. ಆ ರೂಪಾಂತರಗೊಂಡ ಆಮ್ಲವು ದೀರ್ಘಕಾಲದಲ್ಲಿ ಕರುಳಿನ ಪದರಕ್ಕೆ ಒಳ್ಳೆಯದಲ್ಲ.

ಆಹಾರ ಬದಲಾದರೆ ಈ ಬಳಗ ಎಷ್ಟು ಬೇಗ ಬದಲಾಗುತ್ತದೆ? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಹತ್ತು ಜನ ಸ್ವಯಂಸೇವಕರು ಐದು ದಿನ ಕೇವಲ ಮಾಂಸ, ಮೊಟ್ಟೆ, ಚೀಸ್ ತಿಂದರು. ಬೇರೊಂದು ಅವಧಿಯಲ್ಲಿ ಐದು ದಿನ ಕೇವಲ ಧಾನ್ಯ, ಕಾಳು, ಹಣ್ಣು, ತರಕಾರಿ ತಿಂದರು. ಅವರಲ್ಲಿ ಒಬ್ಬರು ಹುಟ್ಟು ಸಸ್ಯಾಹಾರಿಯೂ ಇದ್ದರೆಂಬುದು ಸ್ವಾರಸ್ಯದ ಸಂಗತಿ. ಮಾಂಸದ ಊಟ ಕರುಳನ್ನು ತಲುಪಿದ ಒಂದೇ ದಿನದಲ್ಲಿ ಬದಲಾವಣೆ ಕಂಡಿತು. ಬೈಲೋಫಿಲಾ, ಅಲಿಸ್ಟಿಪಿಸ್ ಎಂಬ ಪಿತ್ತಸಹಿಷ್ಣು ಜಾತಿಗಳು ಹೆಚ್ಚಿದವು. ಸಸ್ಯದ ನಾರನ್ನು ಒಡೆಯುವ ಜಾತಿಗಳು ತಗ್ಗಿದವು. ಪ್ರಯೋಗ ಮುಗಿದು ಎರಡೇ ದಿನಗಳಲ್ಲಿ ಎಲ್ಲವೂ ಮೊದಲಿನ ಸ್ಥಿತಿಗೆ ಮರಳಿತು. ಇದರಿಂದ ನಾವು ಎರಡು ಮಾತುಗಳನ್ನು ತಿಳಿಯಬಹುದು. ಹಬ್ಬಕ್ಕೊಮ್ಮೆ ತಿಂದ ಊಟದಿಂದ ಕರುಳು ಕೆಟ್ಟುಹೋಗುವುದಿಲ್ಲ. ಹಾಗೆಯೇ ವಾರಕ್ಕೊಂದು ದಿನ ಸೊಪ್ಪು ತಿಂದು ಉಳಿದ ಆರು ದಿನ ಬಿಟ್ಟರೆ ಕರುಳು ಉದ್ಧಾರವಾಗುವುದೂ ಇಲ್ಲ.

ನಮ್ಮ ಸೀಮೆಯವರಿಗೆ ಇದಕ್ಕಿಂತ ಹತ್ತಿರದ್ದು ಆಫ್ರಿಕದ ಒಂದು ಹಳ್ಳಿಯ ವೃತ್ತಾಂತ. ಬುರ್ಕಿನಾ ಫಾಸೊ ದೇಶದ ಬುಲ್ಪೋನ್ ಎಂಬ ಹಳ್ಳಿಯ ಮಕ್ಕಳನ್ನೂ ಇಟಲಿಯ ಫ್ಲಾರೆನ್ಸ್ ನಗರದ ಮಕ್ಕಳನ್ನೂ ಹೋಲಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಬುಲ್ಪೋನ್ ಮಕ್ಕಳ ಊಟ ಏನು? ಜೋಳ, ಸಜ್ಜೆಯಂತಹ ಕಿರುಧಾನ್ಯ, ಅಲಸಂದಿ ಕಾಳು, ತರಕಾರಿ. ಎಲ್ಲವೂ ಊರ ಸುತ್ತಲೇ ಬೆಳೆದದ್ದು. ಅಪರೂಪಕ್ಕೆ ಕೋಳಿ, ಮಳೆಗಾಲದಲ್ಲಿ ಗೆದ್ದಲು ಹುಳು. ಗೆದ್ದಲನ್ನು ಬದಿಗಿಟ್ಟರೆ ಇದು ನವಲಗುಂದದ ಹಳ್ಳಿಯ ಅಡುಗೆಮನೆಯ ಪಟ್ಟಿಯೇ ಹೌದು! ಎರಡರಿಂದ ಆರು ವರ್ಷದ ಬುಲ್ಪೋನ್ ಮಕ್ಕಳು ದಿನಕ್ಕೆ 14 ಗ್ರಾಂ ನಾರು ತಿನ್ನುತ್ತಿದ್ದರೆ ಅದೇ ವಯಸ್ಸಿನ ಇಟಲಿಯ ಮಕ್ಕಳು 8 ಗ್ರಾಂನಷ್ಟು ಮಾತ್ರ ತಿನ್ನುತ್ತಿದ್ದರು. ಆಫ್ರಿಕದ ಮಕ್ಕಳ ಕರುಳಿನಲ್ಲಿ ಪ್ರಿವೊಟೆಲ್ಲಾ ಎಂಬ ನಾರುಭಕ್ಷಕ ಬ್ಯಾಕ್ಟೀರಿಯಾ ತುಂಬಿತ್ತು. ಸಣ್ಣ ಕೊಬ್ಬಿನಾಮ್ಲಗಳೂ ಹೆಚ್ಚಿದ್ದವು.

ಭಾರತೀಯರ ಕರುಳಿನಲ್ಲಿ ಏನಿದೆ ಎಂಬ ಪ್ರಶ್ನೆಗೆ 2019ರಲ್ಲಿ ಭೋಪಾಲದ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವನ್ನು ನೋಡಬಹುದು. ಭೋಪಾಲ ಮತ್ತು ಕೇರಳದ 110 ಆರೋಗ್ಯವಂತರನ್ನು ಅವರು ಪರೀಕ್ಷಿಸಿದರು. ಬಹುಪಾಲು ಸಸ್ಯಾಹಾರವನ್ನು ಉಣ್ಣುವ ಭೋಪಾಲದವರಲ್ಲಿ ಪ್ರಿವೊಟೆಲ್ಲಾ ಪ್ರಧಾನವಾಗಿತ್ತು. ಅನ್ನ, ಮೀನು, ಮಾಂಸ ಉಣ್ಣುವ ಕೇರಳದವರಲ್ಲಿ ಬ್ಯಾಕ್ಟೀರಾಯ್ಡಿಸ್, ರುಮಿನೊಕಾಕಸ್, ಫೀಕಲಿಬ್ಯಾಕ್ಟೀರಿಯಂ ಮುಂತಾದವು ಎದ್ದು ಕಂಡವು. ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಕೇರಳದವರ ಆ ಬಳಗದಲ್ಲಿಯೂ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುವ ಸಾಮರ್ಥ್ಯ ಚೆನ್ನಾಗಿಯೇ ಇತ್ತು. ಮಿಶ್ರಾಹಾರಿಯ ಕರುಳು ಎಂದಾಕ್ಷಣ ರೋಗದ ಕರುಳು ಎಂದು ತಿಳಿಯಬಾರದು. ಕೊಡುವ ಮೇವಿಗೆ ತಕ್ಕ ದನ ಕೊಟ್ಟಿಗೆಯಲ್ಲಿ ನಿಲ್ಲುತ್ತದೆ, ಅಷ್ಟೆ.

ಹಾಗಿದ್ದರೆ ಮಾಂಸದಿಂದ ತೊಂದರೆ ಇಲ್ಲವೇ? ಇದೆ, ಆದರೆ ಯಾವ ಮಾಂಸ, ಎಷ್ಟು ಎಂಬ ಪ್ರಶ್ನೆಯೊಡನೆ ಇದೆ. ಕುರಿ, ಆಡು, ದನ, ಹಂದಿಗಳ ಕೆಂಪು ಮಾಂಸದಲ್ಲಿ ಕಾರ್ನಿಟೈನ್ ಎಂಬ ವಸ್ತು ಹೇರಳ. ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಒಂದು ಅನಿಲವನ್ನಾಗಿಸುತ್ತವೆ. ಯಕೃತ್ತು ಆ ಅನಿಲವನ್ನು ಟಿಎಂಎಒ ಎಂಬ ರಾಸಾಯನಿಕವಾಗಿ ಮಾರ್ಪಡಿಸುತ್ತದೆ. ರಕ್ತದಲ್ಲಿ ಇದರ ಪ್ರಮಾಣ ಹೆಚ್ಚಿದ್ದವರಲ್ಲಿ ಹೃದ್ರೋಗದ ಪ್ರಮಾಣವೂ ಹೆಚ್ಚಿರುವುದು ಕಂಡುಬಂದಿದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸಂಶೋಧಕರು 2013ರಲ್ಲಿ ತೋರಿಸಿದಂತೆ, ಬಹುಕಾಲದಿಂದ ಸಸ್ಯಾಹಾರಿಯಾಗಿದ್ದವರಿಗೆ ಕಾರ್ನಿಟೈನ್ ಕೊಟ್ಟರೂ ಅವರಲ್ಲಿ ಟಿಎಂಎಒ ಅತ್ಯಲ್ಪವಾಗಿ ಹುಟ್ಟಿತು. ಆ ಕೆಲಸ ಮಾಡುವ ಜಾತಿಗಳಿಗೆ ಅವರ ಕರುಳಿನಲ್ಲಿ ಮೇವು ಸಿಗದೆ ನೆಲೆ ತಪ್ಪಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ, ಉಪ್ಪು ಹಾಕಿ ಹೊಗೆಯಾಡಿಸಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕವೆಂದೂ ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿತು. ದಿನವೂ 50 ಗ್ರಾಂ ಸಂಸ್ಕರಿಸಿದ ಮಾಂಸ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ನ ಅಪಾಯ ಶೇಕಡಾ 18ರಷ್ಟು ಹೆಚ್ಚುತ್ತದೆಂದು ಅದು ಹೇಳಿತು. ಕೋಳಿ, ಮೀನು ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಮಾಂಸಾಹಾರ ಮಾಡುವ ಕುಟುಂಬಗಳಲ್ಲಿಯೂ ವಾರದ ಬಹುಪಾಲು ದಿನ ರೊಟ್ಟಿ, ಕಾಳುಪಲ್ಯಗಳೇ ಊಟ. ದಿನನಿತ್ಯ ಮೂರು ಹೊತ್ತು ಮಾಂಸ ತಿನ್ನುವ ಪಾಶ್ಚಾತ್ಯರ ಅಂಕಿಅಂಶಗಳನ್ನು ತಂದು ಅಂಥವರ ಮೇಲೆ ಹೊರಿಸುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಕರುಳಿಗೆ ಕೇಡು ಮಾಂಸದ ಇರುವಿಕೆಯಿಂದ ಎಷ್ಟೋ, ನಾರಿನ ಇಲ್ಲದಿಕೆಯಿಂದಲೂ ಅಷ್ಟೇ. ಇದಕ್ಕೆ ಒಂದು ನಿದರ್ಶನ 2015ರ ಪ್ರಯೋಗ. ಅಮೆರಿಕದ ಇಪ್ಪತ್ತು ಮಂದಿ ಕಪ್ಪುವರ್ಣೀಯರಿಗೆ ದಕ್ಷಿಣ ಆಫ್ರಿಕದ ಹಳ್ಳಿಯ ನಾರುಭರಿತ ಊಟವನ್ನು, ಆ ಹಳ್ಳಿಗರಲ್ಲಿ ಇಪ್ಪತ್ತು ಮಂದಿಗೆ ಅಮೆರಿಕದ ಮಾಂಸ-ಕೊಬ್ಬಿನ ಊಟವನ್ನು ಎರಡು ವಾರ ಕೊಡಲಾಯಿತು. ಎರಡೇ ವಾರ! ಅಮೆರಿಕದವರಲ್ಲಿ ಬ್ಯುಟಿರೇಟ್ ಏರಿತು, ಕರುಳಿನ ಉರಿಯೂತ ಇಳಿಯಿತು. ಹಳ್ಳಿಗರಲ್ಲಿ ಇದಕ್ಕೆ ತದ್ವಿರುದ್ಧ. ಆದರೆ ಈ ಪ್ರಯೋಗದಲ್ಲಿ ಮಾಂಸ, ಕೊಬ್ಬು, ನಾರು ಮೂರೂ ಒಟ್ಟಿಗೆ ಬದಲಾದುದರಿಂದ ಯಶಸ್ಸನ್ನೋ ದೋಷವನ್ನೋ ಒಂದಕ್ಕೇ ಕೊಡಲಾಗದು.

ಈಗ ನಮ್ಮ ಮನೆಗಳ ಕಡೆಗೆ ಬರೋಣ. ನಮ್ಮ ಓದುಗರಲ್ಲಿ ಹೆಚ್ಚಿನವರು ತಲೆತಲಾಂತರದಿಂದ ಸಸ್ಯಾಹಾರಿಗಳು. ಮೇಲಿನದೆಲ್ಲವನ್ನೂ ಓದಿ ಅವರು ನೆಮ್ಮದಿಯ ಉಸಿರು ಬಿಡುವುದು ಸಹಜ. ಆದರೆ ಮುಂಜಾನೆ ಚಹದೊಡನೆ ಬೇಕರಿಯ ಖಾರಿ, ನಾಷ್ಟಕ್ಕೆ ಮೈದಾ ಪೂರಿ, ಮಧ್ಯಾಹ್ನ ಹೊಳಪು ಮಾಡಿದ ಅಕ್ಕಿಯ ಅನ್ನ ಮತ್ತು ತಿಳಿಸಾರು, ಸಂಜೆ ಮಿರ್ಚಿ ಭಜಿ, ರಾತ್ರಿ ಪುನಃ ಅನ್ನ. ಈ ಊಟದಲ್ಲಿ ಒಂದು ಚೂರೂ ಮಾಂಸವಿಲ್ಲ, ನಾರೂ ಬಹಳ ಕಡಿಮೆ. ಕರುಳಿನ ಬ್ಯಾಕ್ಟೀರಿಯಾಗಳಿಗೆ ನಮ್ಮ ಆಚಾರವಿಚಾರ ತಿಳಿಯದು, ತಮ್ಮ ಪಾಲಿಗೆ ಏನು ಬಂತು ಎಂಬುದಷ್ಟೇ ತಿಳಿಯುತ್ತದೆ. ಈ ಸಸ್ಯಾಹಾರಿಯ ಕರುಳು ವಾರಕ್ಕೊಮ್ಮೆ ಮಾಂಸ ತಿಂದು ಉಳಿದ ದಿನ ಜೋಳದ ರೊಟ್ಟಿ, ಮಡಕಿಕಾಳು ಉಣ್ಣುವ ಒಕ್ಕಲಿಗನ ಕರುಳಿಗಿಂತ ಬಡವಾಗಿರುವುದು ಅಸಾಧ್ಯವೇನಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ ಈ ಅಂತರವನ್ನು ಕಣ್ಣಾರೆ ಕಾಣಬಹುದು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಸಜ್ಜೆಯಲ್ಲಿ, ಹೊಟ್ಟುಸಹಿತ ಗೋಧಿಹಿಟ್ಟಿನಲ್ಲಿ 11 ಗ್ರಾಂ ಮೇಲ್ಪಟ್ಟು. ಹೊಳಪಿನ ಅಕ್ಕಿಯಲ್ಲಿ, ಮೈದಾದಲ್ಲಿ 3 ಗ್ರಾಂ ಕೂಡ ಇಲ್ಲ. ಇಡೀ ಕಡಲೆಯಲ್ಲಿ 25 ಗ್ರಾಂ. ಅದನ್ನೇ ಒಡೆದು ಸಿಪ್ಪೆ ತೆಗೆದು ಬೇಳೆ ಮಾಡಿದರೆ 15 ಗ್ರಾಂ. ಇಡೀ ಹೆಸರುಕಾಳಿನಲ್ಲಿ 17 ಗ್ರಾಂ, ಬೇಳೆಯಲ್ಲಿ 9 ಗ್ರಾಂ. ವಯಸ್ಕರೊಬ್ಬರು ದಿನಕ್ಕೆ ಕನಿಷ್ಠ 25 ಗ್ರಾಂ ನಾರು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನೂರೈವತ್ತು ಗ್ರಾಂ ಜೋಳದ ಹಿಟ್ಟಿನ ರೊಟ್ಟಿ, ಒಂದು ಹಿಡಿ ಇಡೀ ಕಾಳಿನ ಪಲ್ಯ, ಒಂದಿಷ್ಟು ಹಸಿ ತೊಪ್ಪಲು ಇದ್ದರೆ ಆ ಲೆಕ್ಕ ತುಂಬಿತು. ಅನ್ನ ಮತ್ತು ತಿಳಿಸಾರಿನಿಂದ ಅದನ್ನು ತುಂಬಿಸುವುದು ಬಹಳ ಕಷ್ಟ.

ನವಲಗುಂದದಂತಹ ಸೀಮೆಯಲ್ಲಿ ಈ ಮಾತನ್ನು ಹೇಳಬೇಕಾಗಿ ಬಂದದ್ದೇ ಒಂದು ವಿಪರ್ಯಾಸ. ಹಿಂಗಾರಿ ಜೋಳ, ಕಡಲೆ, ಗೋಧಿ, ಕುಸುಬೆ, ಮುಂಗಾರಿನ ಹೆಸರು, ಉಳ್ಳಾಗಡ್ಡಿ ಬೆಳೆಯುವ ನೆಲ ಇದು. ಮೊದಲು ನವಲಗುಂದ ತಾಲೂಕಿನಲ್ಲಿಯೇ ಇದ್ದ ಅಣ್ಣಿಗೇರಿಯ ಹೆಸರನ್ನು ಹೊತ್ತ ಕಡಲೆಯ ತಳಿ, ‘ಅಣ್ಣಿಗೇರಿ-1’, ನಾಡಿನಾಚೆಯ ರೈತರಿಗೂ ಪರಿಚಿತ. ಆ ಕಡಲೆಯನ್ನು ಮಾರುಕಟ್ಟೆಗೆ ಕಳಿಸಿ ನಾವು ಮೈದಾ ಕೊಂಡು ತರುತ್ತಿದ್ದೇವೆ. ಪಡಿತರದ ಅಕ್ಕಿ, ಅದರಲ್ಲಿಯೂ 2013ರ ಅನ್ನಭಾಗ್ಯ, ಬಡವರ ಹಸಿವನ್ನು ನೀಗಿದ ದೊಡ್ಡ ಕಾರ್ಯ. ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅನ್ನ ಮಾಡುವುದು ಸುಲಭ, ರೊಟ್ಟಿ ತಟ್ಟುವುದು ಶ್ರಮ. ಹೊಲಕ್ಕೂ ಹೋಗಿ ಒಲೆಯ ಮುಂದೆಯೂ ಕೂಡಬೇಕಾದ ತಾಯಂದಿರು ಅನ್ನಕ್ಕೆ ಒಲಿದರೆ ಅವರನ್ನು ದೂರುವಂತಿಲ್ಲ. ಒಮ್ಮೆ ಮಾಡಿ ವಾರಗಟ್ಟಲೆ ಇಡಬಹುದಾದ ಕಟಕ ರೊಟ್ಟಿಯನ್ನು ಕಂಡುಹಿಡಿದವರೂ ಅವರೇ ಅಲ್ಲವೇ? ಇಂದು ಸ್ವಸಹಾಯ ಸಂಘದ ಸೋದರಿಯರು ಅದನ್ನು ಮಾಡಿ ಮಾರುತ್ತಿರುವುದು ಸಂತೋಷದ ಸಂಗತಿ.

ನಾರಿನ ಪ್ರಮಾಣದಷ್ಟೇ ಮುಖ್ಯವಾದದ್ದು ಅದರ ವೈವಿಧ್ಯ. ಬೇರೆ ಬೇರೆ ಸಸ್ಯದ ನಾರು ಬೇರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೆ ಮೇವು. ಸಾವಿರಾರು ಜನರ ಮಲದ ಮಾದರಿಗಳನ್ನು ಪರೀಕ್ಷಿಸಿದ ಅಮೆರಿಕದ ಒಂದು ಯೋಜನೆಯ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ವಾರದಲ್ಲಿ ಮೂವತ್ತಕ್ಕಿಂತ ಹೆಚ್ಚು ಬಗೆಯ ಸಸ್ಯಗಳನ್ನು ತಿನ್ನುವವರ ಕರುಳಿನ ಬಳಗವು ಹತ್ತು ಬಗೆಗೆ ಮೀರದವರಿಗಿಂತ ವೈವಿಧ್ಯಮಯವಾಗಿತ್ತು. ಅವರು ತಮ್ಮನ್ನು ಸಸ್ಯಾಹಾರಿ ಎಂದು ಕರೆದುಕೊಂಡರೋ ಮಾಂಸಾಹಾರಿ ಎಂದೋ ಎಂಬುದಕ್ಕಿಂತ ಈ ಎಣಿಕೆಯೇ ಹೆಚ್ಚು ನಿರ್ಣಾಯಕವಾಗಿತ್ತು. ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡು 2025ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ, ಮಿಶ್ರಾಹಾರಿಗಳಲ್ಲಿ ಹೆಚ್ಚು ಬಗೆಯ ಸಸ್ಯಗಳನ್ನು ತಿನ್ನುವವರಲ್ಲಿ ಹಿತಕರ ಜಾತಿಗಳು ಹೆಚ್ಚೆಂದು ಕಂಡುಕೊಂಡಿದೆ.

ಮೂವತ್ತು ಬಗೆ ಎಂದರೆ ಪೇಟೆಯವರು ಗಾಬರಿಯಾಗಬಹುದು. ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಲು ಹೊಲಕ್ಕೆ ಒಯ್ಯುವ ಬುತ್ತಿಯನ್ನು ಬಿಚ್ಚಿ ಎಣಿಸಿ. ಸಜ್ಜೆ, ಎಳ್ಳು, ಜೋಳ, ಬದನೆಕಾಯಿ, ಶೇಂಗಾ, ಮಡಕಿಕಾಳು, ಪುಂಡಿಪಲ್ಯ, ಗುರೆಳ್ಳು, ಅಗಸಿ, ಉಳ್ಳಾಗಡ್ಡಿ, ಗಜ್ಜರಿ, ಮೂಲಂಗಿ, ಸೌತೆಕಾಯಿ, ಮೆಂತ್ಯ, ಹೋಳಿಗೆಯ ಗೋಧಿ ಮತ್ತು ಕಡಲೆಬೇಳೆ. ಇಲ್ಲಿಗೇ ಹದಿನಾರಾಯಿತು. ಬೆಳ್ಳುಳ್ಳಿ, ಕೊತ್ತಂಬರಿ, ಕರಿಬೇವು, ಮೆಣಸಿನಕಾಯಿ ಸೇರಿ ಇಪ್ಪತ್ತು. ಒಂದೇ ಊಟದಲ್ಲಿ! ಹಕ್ಕರಿಕೆ, ಕುಸುಬೆಯ ಎಳೆ ಸೊಪ್ಪು, ಹೊಲದ ಬದುವಿನಲ್ಲಿ ಕುಳಿತು ಚಿವುಟಿ ತಿನ್ನುವ ಹುಳಿಹುಳಿ ಕಡಲೆಸೊಪ್ಪು ಇನ್ನೂ ಎಣಿಕೆಗೆ ಬಂದಿಲ್ಲ. ಈ ಬುತ್ತಿಯ ಅರ್ಧದಷ್ಟಾದರೂ ಬೇರೆ ಬಗೆಗಳು ವಾರದ ಉಳಿದ ದಿನಗಳಲ್ಲಿ ಸೇರಿದರೆ ಮೂವತ್ತರ ಲೆಕ್ಕ ತಾನಾಗಿಯೇ ತುಂಬುತ್ತದೆ. ಮಠಗಳ ದಾಸೋಹದಲ್ಲಿಯೂ ಅನ್ನ, ಸಾರು, ಸಿಹಿಯ ಪಕ್ಕದಲ್ಲಿ ಇಡೀ ಕಾಳಿನ ಪಲ್ಯಕ್ಕೂ ಜೋಳದ ನುಚ್ಚಿಗೂ ಖಾಯಂ ಸ್ಥಾನ ದೊರೆಯಲೆಂದು ನಾವು ಭಿನ್ನವಿಸಿಕೊಳ್ಳುತ್ತೇವೆ. ಭಕ್ತರು ಕಾಣಿಕೆಯಾಗಿ ತರುವ ಜೋಳದ ಚೀಲಗಳಿಗೂ ಅದು ತಕ್ಕ ಉಪಯೋಗ.

ಹುದುಗಿದ ಆಹಾರದ ಬಗ್ಗೆಯೂ ಎರಡು ಮಾತು. ಮೊಸರಿನ ಬ್ಯಾಕ್ಟೀರಿಯಾಗಳಿಗೂ ಆಯುಸ್ಸಿಗೂ ಸಂಬಂಧವಿದೆಯೆಂದು ನೂರು ವರ್ಷಗಳಿಗೂ ಹಿಂದೆ ವಾದಿಸಿದವರು 1908ರಲ್ಲಿ ನೊಬೆಲ್ ಪಡೆದ ವಿಜ್ಞಾನಿ ಮೆಚ್ನಿಕಾಫ್. ಅವರ ಉತ್ಸಾಹ ತುಸು ಅತಿಯಾಗಿತ್ತು; ಮೊಸರಿನ ಬ್ಯಾಕ್ಟೀರಿಯಾಗಳು ಕರುಳಿನಲ್ಲಿ ಮನೆ ಮಾಡುವುದು ಕಡಿಮೆ, ಯಾತ್ರಿಕರಂತೆ ಬಂದು ಹೋಗುತ್ತವೆ. ಆದರೂ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 2021ರ ಪ್ರಯೋಗದಲ್ಲಿ ಹತ್ತು ವಾರ ಹುದುಗಿದ ಆಹಾರ ತಿಂದವರ ಕರುಳಿನ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತದ ಗುರುತುಗಳು ಇಳಿದವು. ಮಜ್ಜಿಗೆ ಬೆರೆಸಿದ ಅಂಬಲಿ ಬಡವರ ಊಟವೆಂದು ಮೂಲೆಗೆ ಸರಿದಿದೆ. ನಾರೂ ಜೀವಂತ ಬ್ಯಾಕ್ಟೀರಿಯಾಗಳೂ ಒಂದೇ ಬಟ್ಟಲಿನಲ್ಲಿ ಸಿಗುವ ಇಂತಹ ಪದಾರ್ಥಗಳು ಹೆಚ್ಚಿಲ್ಲ.

ಸಸ್ಯಾಹಾರದ ಕೊರತೆಯನ್ನು ಹೇಳದೆ ಈ ಲೇಖನ ಪೂರ್ಣವಾಗದು. ವಿಟಮಿನ್ ಬಿ-12 ಅನ್ನು ಯಾವ ಸಸ್ಯವೂ ತಯಾರಿಸುವುದಿಲ್ಲ, ಯಾವ ಪ್ರಾಣಿಯೂ ತಯಾರಿಸುವುದಿಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ. ನಮ್ಮ ದೊಡ್ಡ ಕರುಳಿನಲ್ಲಿಯೂ ಅದು ತಯಾರಾಗುತ್ತದೆ. ಹಾಗಿದ್ದರೂ ಸಸ್ಯಾಹಾರಿಗಳಲ್ಲಿ ಅದರ ಕೊರತೆ ಏಕೆ? ಇಲ್ಲಿಯೇ ಮೊದಲು ಹೇಳಿದ ಸ್ಥಳಭೇದ ನೆನಪಾಗಬೇಕು. ಬಿ-12 ಹೀರಲ್ಪಡುವುದು ಸಣ್ಣ ಕರುಳಿನ ತುದಿಯಲ್ಲಿ. ನಮ್ಮ ಬ್ಯಾಕ್ಟೀರಿಯಾಗಳ ಮನೆ ಅದನ್ನು ದಾಟಿದ ಮೇಲಿದೆ. ತಯಾರಾದದ್ದು ಹಿಂದಕ್ಕೆ ಹರಿಯದೆ ಮಲದೊಡನೆ ಹೋಗಿಬಿಡುತ್ತದೆ. ಹಸುವಿಗೆ ಸೂಕ್ಷ್ಮಜೀವಿಗಳ ಕೋಣೆ ಮೊದಲೇ ಇರುವುದರಿಂದ ಅದು ಕಣಕಿ ತಿಂದೂ ಬಿ-12 ಪಡೆಯುತ್ತದೆ, ಹಾಲಿನಲ್ಲಿ ನಮಗೂ ಕೊಡುತ್ತದೆ. ದಿನಕ್ಕೆ ಸುಮಾರು ಅರ್ಧ ಲೀಟರ್ ಹಾಲು, ಮೊಸರು ಹೊಟ್ಟೆಗೆ ಹೋದರೆ ಅಗತ್ಯವು ಹೆಚ್ಚುಕಡಿಮೆ ನೀಗುತ್ತದೆ. ಚಹಕ್ಕೆ ಬೆರೆಸಿದ ನಾಲ್ಕು ಚಮಚ ಹಾಲಿನಿಂದ, ನೀರೇ ಹೆಚ್ಚಿರುವ ಮಜ್ಜಿಗೆಯಿಂದ ಅದು ಆಗದು. ಡೇರಿಗೆ ಎಲ್ಲ ಹಾಲನ್ನೂ ಅಳೆದು ಕೊಟ್ಟು ಮನೆಯ ಮಕ್ಕಳಿಗೆ ಕರಿ ಚಹ ಕುಡಿಸುವ ಮನೆಗಳು ಇದನ್ನು ಯೋಚಿಸಬೇಕು.

ಅಂಗಾಲು ಅಂಗೈ ಜೋಮು ಹಿಡಿಯುವುದು, ನಡೆಯುವಾಗ ಆಯ ತಪ್ಪುವುದು, ಮರೆವು, ಸುಸ್ತು, ನಾಲಿಗೆ ಉರಿ ಇವು ಬಿ-12 ಕೊರತೆಯ ಲಕ್ಷಣಗಳು. ವಯಸ್ಸಾಯಿತೆಂದು ಇವನ್ನು ಸಹಿಸಿಕೊಂಡು ಕುಳಿತರೆ ನರಗಳ ಹಾನಿ ಶಾಶ್ವತವಾಗಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನೋ ಹೊಟ್ಟೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆಯನ್ನೋ ವರ್ಷಗಟ್ಟಲೆ ನುಂಗುತ್ತಿರುವ ಹಿರಿಯರಲ್ಲಿ ಕೊರತೆಯ ಸಂಭವ ಇನ್ನೂ ಹೆಚ್ಚು. ರಕ್ತಪರೀಕ್ಷೆ ಮಾಡಿಸಿ ವೈದ್ಯರು ಕೊಡುವ ಮಾತ್ರೆ ಅಥವಾ ಚುಚ್ಚುಮದ್ದನ್ನು ತೆಗೆದುಕೊಳ್ಳುವುದರಲ್ಲಿ ಸಂಕೋಚ ಬೇಡ. ಈ ಮದ್ದನ್ನು ತಯಾರಿಸುವುದೂ ಬ್ಯಾಕ್ಟೀರಿಯಾಗಳನ್ನು ಬೆಳೆಸಿಯೇ. ಕಬ್ಬಿಣದ ಅಂಶವೂ ಸಸ್ಯಗಳಿಂದ ಸುಲಭವಾಗಿ ಹೀರಲ್ಪಡುವುದಿಲ್ಲ. ಕಾಳನ್ನು ನೆನೆಸಿ ಮೊಳಕೆ ಬರಿಸುವುದು, ಪಲ್ಯಕ್ಕೆ ಲಿಂಬೆಹಣ್ಣು ಹಿಂಡುವುದು, ಊಟವಾದ ಕೂಡಲೇ ಚಹ ಕುಡಿಯದೆ ಒಂದು ತಾಸು ತಡೆಯುವುದು, ಇಷ್ಟರಿಂದಲೇ ಬಹಳ ಉಪಕಾರವಾಗುತ್ತದೆ.

ಬಹುಕಾಲ ಅನ್ನ, ಮೈದಾ ಉಂಡು ಬಂದವರು ಒಮ್ಮೆಗೇ ಇಡೀ ಕಾಳು, ರೊಟ್ಟಿಗೆ ತಿರುಗಿದರೆ ಹೊಟ್ಟೆ ಉಬ್ಬುವುದು, ವಾಯು ಕಾಡುವುದು ಖಂಡಿತ. ನಾರು ಒಡೆಯುವ ಜಾತಿಗಳು ಬೆಳೆದು ಹೆಚ್ಚಲು ಸಮಯ ಬೇಕು. ವಾರಕ್ಕೆ ಒಂದೊಂದು ರೊಟ್ಟಿಯಂತೆ ಏರಿಸುತ್ತ ಮೂರು ನಾಲ್ಕು ವಾರಗಳಲ್ಲಿ ರೂಢಿಗೆ ತರಬೇಕು. ನೀರನ್ನೂ ಹೆಚ್ಚಾಗಿ ಕುಡಿಯಬೇಕು, ಇಲ್ಲವಾದರೆ ನಾರೇ ಮಲಬದ್ಧತೆಗೆ ಕಾರಣವಾದೀತು. ಮೂತ್ರಪಿಂಡದ ಕಾಯಿಲೆ ಇದ್ದವರು, ಕರುಳಿನ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳಿಯೇ ಬದಲಿಸಬೇಕು. ಜ್ವರ ನೆಗಡಿಗೆಲ್ಲ ಔಷಧದಂಗಡಿಯಿಂದ ತಾವಾಗಿಯೇ ಆಂಟಿಬಯೋಟಿಕ್ ತಂದು ನುಂಗುವ ರೂಢಿಯನ್ನು ಬಿಡಬೇಕು. ಅದು ರೋಗಾಣುವಿನೊಡನೆ ಈ ಬಳಗವನ್ನೂ ಕೊಲ್ಲುತ್ತದೆ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲವಿಸರ್ಜನೆಯ ರೂಢಿ ಏಕಾಏಕಿ ಬದಲಾಗಿ ವಾರಗಟ್ಟಲೆ ಹಾಗೆಯೇ ಉಳಿದರೆ, ಉಷ್ಣವಾಗಿದೆ ಎಂದು ಸಬ್ಜಾ ಬೀಜ ಕುಡಿಯುತ್ತ ಕೂಡದೆ ತಾಲೂಕು ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಬೇಕು.